ಕಾಫಿ ತೋಟದಿಂದ ಅಟ್ಲಾಂಟಿಕ್‌ನ ಆಚೆ ದಡಕ್ಕೆ: ಚಿಕ್ಕ ಯಾಟ್‌ನಲ್ಲಿ ಕ್ರೂ ಆಗಿ ಹೋಗುವುದು ಹೇಗೆ

ಪ್ರತಿ ವರ್ಷ ಅಕ್ಟೋಬರ್ ಕೊನೆಯ ಹೊತ್ತಿಗೆ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿನಲ್ಲಿ ಚಿಕ್ಕ ಹಾಯಿದೋಣಿಗಳು ಬಂದು ಸೇರುತ್ತವೆ. 35 ಅಡಿ, 40 ಅಡಿ, 45 ಅಡಿ ಉದ್ದದವು. ಎಲ್ಲರಿಗೂ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ಸೇರಬೇಕು. ಇವುಗಳಲ್ಲಿ ಎಷ್ಟೋ ದೋಣಿಗಳಲ್ಲಿ ಒಬ್ಬರೋ ಇಬ್ಬರೋ ಜನ ಕಡಿಮೆ ಇರುತ್ತಾರೆ. ರಾತ್ರಿ ಎದ್ದು ಕಾವಲು ಕೂರುವುದಕ್ಕೆ, ಹಗ್ಗ ಎಳೆಯುವುದಕ್ಕೆ, ಅಡುಗೆ ಮಾಡುವುದಕ್ಕೆ ಕೈ ಬೇಕು. ಆ ಜಾಗ ಮಡಿಕೇರಿಯವರಿಗೋ ಪೊನ್ನಂಪೇಟೆಯವರಿಗೋ ಸಿಗಬಹುದು. ಒಂದು ವರ್ಷ ಮೊದಲೇ ತಯಾರಿ ಶುರು ಮಾಡಿದರೆ ಖಂಡಿತ ಸಿಗುತ್ತದೆ ಅಂತ ನಾನು ನಂಬುತ್ತೇನೆ.

ಇದೆಲ್ಲ ನೇವಿಯವರಿಗೆ ಮಾತ್ರ ಅಂದುಕೊಳ್ಳುವವರು ನಮ್ಮಲ್ಲಿ ಜಾಸ್ತಿ. 1985ರಿಂದ 87ರವರೆಗೆ ತೃಷ್ಣಾ ಅನ್ನುವ ಪುಟ್ಟ ಯಾಟ್‌ನಲ್ಲಿ ಭೂಮಿ ಸುತ್ತಿ ಬಂದವರು ಭೂಸೇನೆಯ ಇಂಜಿನಿಯರ್ ದಳದವರು. 2017-18ರಲ್ಲಿ ಐಎನ್‌ಎಸ್‌ವಿ ತಾರಿಣಿ ಅನ್ನುವ ಹಾಯಿದೋಣಿಯಲ್ಲಿ ಆರು ಮಹಿಳೆಯರು ಭೂಮಿ ಸುತ್ತಿ ಬಂದರು. ಅವರು ನೌಕಾಪಡೆಯವರೇ, ವರ್ಷಗಟ್ಟಲೆ ತರಬೇತಿ ಪಡೆದವರು. ಆದರೆ ಕ್ರೂ ಆಗಿ ಹೋಗುವ ನಿಮಗೆ ಅಷ್ಟು ಬೇಕಿಲ್ಲ. ಸಮುದ್ರ ಗೊತ್ತಿರಬೇಕಾದದ್ದು ದೋಣಿ ನಡೆಸುವ ಸ್ಕಿಪ್ಪರ್‌ಗೆ. ನಿಮಗೆ ಗೊತ್ತಿರಬೇಕಾದದ್ದು ಸರಿಯಾದ ಸ್ಕಿಪ್ಪರ್‌ನನ್ನು ಆರಿಸುವುದು ಮತ್ತು ಆ ದೋಣಿಗೆ ಹೊರೆಯಾಗದೆ ಇರುವುದು. ಉಳಿದದ್ದನ್ನು ದಾರಿಯಲ್ಲಿ ಕಲಿಯಬಹುದು, ಈ ಎರಡನ್ನು ಮಾತ್ರ ಮನೆಯಿಂದಲೇ ತಂದಿರಬೇಕು.

ಮೊದಲು ಕಾಲ ನೋಡಿ

ಅಟ್ಲಾಂಟಿಕ್‌ನಲ್ಲಿ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದು ಮುಗಿಯುತ್ತಾ ಬಂದ ಹಾಗೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತ ಗಟ್ಟಿಯಾಗುತ್ತದೆ. ಅದಕ್ಕೇ ನವೆಂಬರ್ ಕೊನೆ, ಡಿಸೆಂಬರ್, ಜನವರಿಯಲ್ಲಿ ಎಲ್ಲರೂ ಹೊರಡುತ್ತಾರೆ. 1986ರಲ್ಲಿ ಶುರುವಾದ, ಯಾಟ್‌ಗಳು ಗುಂಪಾಗಿ ಅಟ್ಲಾಂಟಿಕ್ ದಾಟುವ ಅಟ್ಲಾಂಟಿಕ್ ರ‍್ಯಾಲಿ ಫಾರ್ ಕ್ರೂಸರ್ಸ್ ಕೂಡ ನವೆಂಬರ್‌ನಲ್ಲೇ ಲಾಸ್ ಪಾಲ್ಮಾಸ್ ಬಿಡುತ್ತದೆ. ಕೆರಿಬಿಯನ್‌ನ ಸೇಂಟ್ ಲೂಸಿಯಾವರೆಗೆ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ದೋಣಿಯ ವೇಗ 5-6 ನಾಟ್, ಅಂದರೆ ಗಂಟೆಗೆ 5-6 ನಾಟಿಕಲ್ ಮೈಲಿ. ದಿನಕ್ಕೆ 120ರಿಂದ 140 ಮೈಲಿ. ಲೆಕ್ಕ ಹಾಕಿದರೆ ಮೂರು ವಾರ.

ಗಾಳಿ ಬೆನ್ನ ಹಿಂದಿನಿಂದ ಬರುತ್ತದೆ, ಹವೆ ಬೆಚ್ಚಗಿರುತ್ತದೆ. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ತೋಟ ಇರುವವರಿಗೆ ತೊಂದರೆ ಇಲ್ಲೇ. ನವೆಂಬರ್, ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು, ಹುತ್ತರಿ ಕೂಡ ಅದೇ ಹೊತ್ತಿಗೆ. ಜನವರಿಗೆ ರೋಬಸ್ಟಾ, ಮೆಣಸು. ತೋಟ ನೋಡಿಕೊಳ್ಳಲು ಮನೆಯಲ್ಲಿ ಬೇರೆಯವರು ಇದ್ದರೆ ಸರಿ. ಇಲ್ಲದಿದ್ದರೆ ಮೇ ತಿಂಗಳ ವಾಪಸು ದಾರಿ ಇದೆ, ಕೆರಿಬಿಯನ್‌ನಿಂದ ಅಜೋರ್ಸ್ ದ್ವೀಪಗಳಿಗೆ. ಹೂಮಳೆ ಮುಗಿದು ಮುಂಗಾರು ಹಿಡಿಯುವ ಮುಂಚಿನ ಬಿಡುವು ಅದಕ್ಕೆ ಹೊಂದುತ್ತದೆ, ಆದರೆ ಆ ದಾರಿಯಲ್ಲಿ ಚಳಿ ಜಾಸ್ತಿ, ಗಾಳಿ ಯಾವ ಕಡೆಯಿಂದ ಬೇಕಾದರೂ ಬರಬಹುದು, ಬಿರುಗಾಳಿಯೂ ಸಿಗಬಹುದು. ಮೊದಲ ಯಾನಕ್ಕೆ ಅದನ್ನು ನಾನು ಹೇಳುವುದಿಲ್ಲ. ಒಂದು ವರ್ಷ ಕೊಯ್ಲಿನ ಜವಾಬ್ದಾರಿ ಅಣ್ಣತಮ್ಮಂದಿರ ಹತ್ತಿರ ಒಪ್ಪಿಸಿ ನವೆಂಬರ್‌ನಲ್ಲೇ ಹೋಗಿ.

ಇಷ್ಟು ದೊಡ್ಡದು ಈಗಲೇ ಬೇಡ ಅನ್ನಿಸಿದರೆ ಕೊಚ್ಚಿಯಿಂದ ಮಾಲ್ಡೀವ್ಸ್ ಕಡೆಯ ದಾರಿ ನೋಡಿ. ಮಾಲೆವರೆಗೆ ಸುಮಾರು 400 ನಾಟಿಕಲ್ ಮೈಲಿ, ಮೂರು ನಾಲ್ಕು ದಿನ. ಕೊಚ್ಚಿಯ ಬೋಲ್ಗಾಟ್ಟಿಯಲ್ಲಿ ಯಾಟ್‌ಗಳು ನಿಲ್ಲುವ ಮರೀನಾ ಇದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯ ಗಾಳಿ ಬೀಸುವಾಗ ಆ ಸಮುದ್ರ ಸಮಾಧಾನವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಕಡೆ ಚಿಕ್ಕ ಯಾಟ್ ಇಳಿಸುವ ಮಾತೇ ಬೇಡ. ಆ ಮಳೆ ಹೇಗಿರುತ್ತದೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ.

ಮನೆಯಲ್ಲೇ ಶುರು ಮಾಡುವ ಕೆಲಸ

ಈಜು ಬರಬೇಕು. ಕೆರೆಯಲ್ಲಿ ಈ ದಡದಿಂದ ಆ ದಡ ಮುಟ್ಟುವ ಈಜು ಸಾಕು, ಗಾಬರಿಯಾಗದೆ ನೀರಿನಲ್ಲಿ ತೇಲುತ್ತಾ ಇರುವುದು ಮುಖ್ಯ. ಮಳೆಗಾಲದಲ್ಲಿ ಬರಪೊಳೆಯ ರ‍್ಯಾಫ್ಟಿಂಗ್‌ಗೆ ಒಮ್ಮೆ ಹೋಗಿ ಬನ್ನಿ. ಲೈಫ್ ಜಾಕೆಟ್ ಹಾಕಿಕೊಂಡು ತಣ್ಣನೆಯ ನೀರಿಗೆ ದಿಢೀರನೆ ಬಿದ್ದಾಗ ಉಸಿರು ಹೇಗೆ ಕಟ್ಟುತ್ತದೆ ಅನ್ನುವುದು ಮೈಗೆ ಗೊತ್ತಾಗುತ್ತದೆ.

ಗಂಟು ಕಲಿಯಿರಿ. ಬೋಲೈನ್, ಕ್ಲೋವ್ ಹಿಚ್, ಫಿಗರ್ ಆಫ್ ಎಯ್ಟ್, ರೋಲಿಂಗ್ ಹಿಚ್. ಈ ನಾಲ್ಕು ಬಂದರೆ ಬಹುಪಾಲು ಕೆಲಸ ನಡೆಯುತ್ತದೆ. ಕಣ್ಣು ಮುಚ್ಚಿ ಕಟ್ಟಲು ಬರುವವರೆಗೆ ಅಭ್ಯಾಸ ಮಾಡಿ, ಯಾಕೆಂದರೆ ದೋಣಿಯಲ್ಲಿ ಅದನ್ನು ಕಟ್ಟಬೇಕಾಗಿ ಬರುವುದು ಕತ್ತಲಲ್ಲಿ. ಮೆಣಸು ಕೊಯ್ಯಲು ಸಿಲ್ವರ್ ಮರಕ್ಕೆ ಏಣಿ ಕಟ್ಟಿ ಅಭ್ಯಾಸ ಇರುವವರಿಗೆ ಹಗ್ಗದ ಮೇಲೆ ಭಾರ ಬಿಡುವ ಮುಂಚೆ ಎಳೆದು ನೋಡುವ ಬುದ್ಧಿ ಆಗಲೇ ಇರುತ್ತದೆ. ಅದು ದೊಡ್ಡ ಆಸ್ತಿ.

ಅದಕ್ಕಿಂತ ದೊಡ್ಡ ಆಸ್ತಿ ಡೀಸೆಲ್ ಇಂಜಿನ್. ನಮ್ಮ ತೋಟಗಳಲ್ಲಿ ಸ್ಪ್ರಿಂಕ್ಲರ್‌ಗೆ ಡೀಸೆಲ್ ಪಂಪ್‌ಸೆಟ್ ಓಡಿಸಿದವರು ಇದನ್ನು ಕಡಿಮೆ ಅಂದುಕೊಳ್ಳಬೇಡಿ. ಯಾಟ್‌ನ ಇಂಜಿನ್ ಹಾಯಿ ಬೀಳಿಸಿದಾಗ ಬಂದರಿಗೆ ಕರೆದೊಯ್ಯುತ್ತದೆ, ಬ್ಯಾಟರಿ ಚಾರ್ಜ್ ಮಾಡುವುದಕ್ಕೂ ಬೇಕಾಗುತ್ತದೆ. ಅಲೆಗೆ ದೋಣಿ ಕುಲುಕಿದಾಗ ಟ್ಯಾಂಕಿನ ತಳದ ಗಸಿ ಎದ್ದು ಫಿಲ್ಟರ್ ಕಟ್ಟುತ್ತದೆ, ಇಂಜಿನ್ ಕೆಮ್ಮಿ ನಿಲ್ಲುತ್ತದೆ. ಆಮೇಲೆ ಮಾಡುವುದು ನೀವು ಫೆಬ್ರವರಿಯಲ್ಲಿ ಕೆರೆ ದಂಡೆಯಲ್ಲಿ ಮಾಡಿದ್ದೇ: ಫಿಲ್ಟರ್ ಬದಲಿಸಿ, ಒಳಗೆ ಸಿಕ್ಕ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿ, ಕೈ ಪಂಪ್ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಗುಳ್ಳೆ ಪೂರ್ತಿ ನಿಂತ ಮೇಲೆ ಸ್ಕ್ರೂ ಬಿಗಿ ಮಾಡಿ ಸ್ಟಾರ್ಟ್ ಕೊಡಿ. ಹೊಸದಾಗಿ ಕಲಿಯಬೇಕಾದದ್ದು ಸಮುದ್ರದ ನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ಬದಲಿಸುವುದು ಒಂದೇ, ಅದು ಹತ್ತು ನಿಮಿಷದ ಪಾಠ. ಸ್ಕಿಪ್ಪರ್‌ಗೆ ಬರೆಯುವ ಮೊದಲ ಪತ್ರದಲ್ಲೇ ಇದನ್ನು ಹೇಳಿ. ಹಾಯಿ ಹಾಕಲು ಬರುವವರು ಎಷ್ಟೋ ಜನ ಸಿಗುತ್ತಾರೆ, ಡೀಸೆಲ್‌ಗೆ ಹೆದರದವರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಕೆರೆಯಿಂದ ಕಡಲಿಗೆ

ಹಾಯಿ ಕಲಿಯಲು ಡಿಂಗಿ ಅನ್ನುವ ಪುಟ್ಟ ಹಾಯಿದೋಣಿಯೇ ಒಳ್ಳೆಯದು. ಗಾಳಿ ತಿರುಗಿದ್ದು ಕೆನ್ನೆಗೆ ಗೊತ್ತಾಗುತ್ತದೆ, ತಪ್ಪು ಮಾಡಿದರೆ ಮಗುಚಿಕೊಳ್ಳುತ್ತದೆ, ಎದ್ದು ಮತ್ತೆ ಹತ್ತಬೇಕು. ನಮಗೆ ಹತ್ತಿರದಲ್ಲಿ ಹೈದರಾಬಾದಿನ ಹುಸೇನ್ ಸಾಗರ, ಚೆನ್ನೈ, ಗೋವಾ, ಮುಂಬೈಗಳಲ್ಲಿ ಕ್ಲಬ್‌ಗಳಿವೆ. ಅಲ್ಲಿ ಒಂದು ವಾರ ಇದ್ದು ಬನ್ನಿ. ಆಮೇಲೆ ಬ್ರಿಟನ್ನಿನ ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಷನ್) ಸಂಸ್ಥೆಯ ಕಾಂಪಿಟೆಂಟ್ ಕ್ರೂ ಅನ್ನುವ 5 ದಿನದ ಕೋರ್ಸ್ ಮಾಡಿ, ಅದು ದೊಡ್ಡ ಯಾಟ್‌ನಲ್ಲೇ ಇದ್ದು, ಉಂಡು, ಮಲಗಿ ಕಲಿಯುವಂಥದ್ದು. ಸೀ ಸರ್ವೈವಲ್ ಅನ್ನುವ ಒಂದು ದಿನದ ಕೋರ್ಸ್ ಇದೆ, ಈಜುಕೊಳದಲ್ಲಿ ಲೈಫ್ ರಾಫ್ಟ್, ಅಂದರೆ ದೋಣಿ ಮುಳುಗಿದರೆ ಹತ್ತುವ ಗಾಳಿ ತುಂಬಿದ ತೆಪ್ಪ, ಬಿಚ್ಚಿ ಹತ್ತಿಸುತ್ತಾರೆ. ದುಡ್ಡಿಗೆ ಕಷ್ಟ ಇದ್ದು ಒಂದನ್ನೇ ಆರಿಸಬೇಕಾದರೆ ಮೊದಲಿನದನ್ನೇ ಮಾಡಿ. ಪ್ರಮಾಣಪತ್ರಕ್ಕಲ್ಲ, ಐದು ದಿನ ಅಪರಿಚಿತರ ಜೊತೆ ಅಷ್ಟು ಚಿಕ್ಕ ಜಾಗದಲ್ಲಿ ಇರುವುದು ನಿಮಗೆ ಆಗುತ್ತದಾ ಅಂತ ತಿಳಿಯುವುದಕ್ಕೆ.

ದೋಣಿ ಮತ್ತು ಸ್ಕಿಪ್ಪರ್

ಇದಕ್ಕೆ ಜಾಸ್ತಿ ಸಮಯ ಕೊಡಿ. ಫೈಂಡ್ ಎ ಕ್ರೂ, ಕ್ರೂಸೀಕರ್ಸ್ ಥರದ ತಾಣಗಳಲ್ಲಿ ಮೇ, ಜೂನ್‌ನಲ್ಲೇ ಹೆಸರು ಹಾಕಿ. ವಯಸ್ಸು, ಆರೋಗ್ಯ, ಬರುವ ಕೆಲಸ, ಬಾರದ ಕೆಲಸ, ಎಷ್ಟು ದಿನ ಬಿಡುವಿದೆ, ವೀಸಾ ಯಾವುದಿದೆ ಎಲ್ಲ ನೇರವಾಗಿ ಬರೆಯಿರಿ. ಅಲ್ಲಿಗೇ ಹೋಗಿ ಬಂದರಿನಲ್ಲಿ ದೋಣಿಯಿಂದ ದೋಣಿಗೆ ಕೇಳುತ್ತಾ ನಡೆಯುವವರೂ ಇದ್ದಾರೆ, ಆದರೆ ವಿಮಾನದ ಖರ್ಚು, ವೀಸಾ ಅವಧಿ ಎರಡೂ ತಲೆಯ ಮೇಲಿರುವ ನಮಗೆ ಅದು ಸರಿಹೋಗುವುದಿಲ್ಲ.

ಸ್ಕಿಪ್ಪರ್ ಸಿಕ್ಕ ಮೇಲೆ ವಿಡಿಯೋ ಕರೆಯಲ್ಲಿ ಕೇಳಬೇಕಾದದ್ದನ್ನು ಮುಲಾಜಿಲ್ಲದೆ ಕೇಳಿ. ಇದೇ ದೋಣಿಯಲ್ಲಿ ಎಷ್ಟು ದೂರ ಹೋಗಿದ್ದೀರಿ? ಮಾಸ್ಟ್ (ಹಾಯಿಕಂಬ) ಹಿಡಿದಿರುವ ತಂತಿಗಳನ್ನು ಯಾವಾಗ ಬದಲಿಸಿದ್ದು? ಲೈಫ್ ರಾಫ್ಟ್ ಎಷ್ಟು ಜನರದ್ದು, ಸರ್ವಿಸ್ ತಾರೀಖು ಯಾವುದು? ಅಪಾಯದಲ್ಲಿ ಉಪಗ್ರಹದ ಮೂಲಕ ದೋಣಿಯ ಜಾಗ ತಿಳಿಸುವ ಈಪರ್ಬ್ ಇದೆಯಾ, ಈ ದೋಣಿಯ ಹೆಸರಿಗೇ ನೋಂದಣಿ ಆಗಿದೆಯಾ? ದಾರಿಯಲ್ಲಿ ಕುಡಿಯುವ ಅಭ್ಯಾಸ ಇದೆಯಾ? ನೀವೇ ನೀರಿಗೆ ಬಿದ್ದರೆ ನಾವು ಏನು ಮಾಡಬೇಕು? ಈ ಕೊನೆಯ ಪ್ರಶ್ನೆಗೆ ನಕ್ಕು ಸುಮ್ಮನಾಗುವವರ ದೋಣಿ ಬೇಡ. ಕೂತು ವಿವರವಾಗಿ ಹೇಳುವವರು ನಿಮ್ಮ ಸ್ಕಿಪ್ಪರ್. ಮೊದಲು ಅವರ ಜೊತೆ ಹೋದ ಇಬ್ಬರ ಹತ್ತಿರವಾದರೂ ಮಾತಾಡಿ. ಹೆಣ್ಣುಮಕ್ಕಳು ಹಿಂದೆ ಅದೇ ದೋಣಿಯಲ್ಲಿ ಹೋದ ಇನ್ನೊಬ್ಬ ಹೆಣ್ಣುಮಗಳ ಹತ್ತಿರ ಮಾತಾಡದೆ ಒಪ್ಪಲೇಬೇಡಿ.

ದುಡ್ಡಿನ ಮಾತು ಬರೆದೇ ಆಗಲಿ. ಊಟ, ಬಂದರು ಬಾಡಿಗೆ, ಡೀಸೆಲ್ ಹಂಚಿಕೊಳ್ಳುವುದು ಸಾಮಾನ್ಯ. ಅದಕ್ಕಿಂತ ದೊಡ್ಡ ಮೊತ್ತ ಕೇಳಿದರೆ ಅದು ವ್ಯಾಪಾರ, ಹಾಗಾದರೆ ಆ ದೋಣಿಗೆ ವ್ಯಾಪಾರದ ಪರವಾನಗಿ ಮತ್ತು ವಿಮೆ ಇರಬೇಕು.

ಹೊರಡುವ ಒಂದು ವಾರ ಮೊದಲೇ ಹೋಗಿ ದೋಣಿಯಲ್ಲಿ ಮಲಗಿ, ಒಂದೆರಡು ದಿನ ಹತ್ತಿರದಲ್ಲೇ ಓಡಾಡಿ ಬನ್ನಿ. ನೆಲದ ಹಲಗೆ ಎತ್ತಿ ಕೆಳಗೆ ನೋಡಿ, ಒಣಗಿದ್ದರೆ ಒಳ್ಳೆಯದು. ಅಗ್ನಿಶಾಮಕದ ತಾರೀಖು ಓದಿ. ಮನಸ್ಸಿಗೆ ಸರಿ ಬರದಿದ್ದರೆ ಇಳಿದುಬಿಡಿ. ಟಿಕೆಟ್ ದುಡ್ಡು ಹೋಯಿತು, ಊರಿನಲ್ಲಿ ಎಲ್ಲರಿಗೂ ಹೇಳಿ ಬಂದೆ ಅನ್ನುವ ಸಂಕೋಚಕ್ಕೆ ಬಿದ್ದು ಹೋಗುವುದು ಬೇಡ. ಹಗ್ಗ ಬಿಚ್ಚಿದ ಮೇಲೆ ಗಾಳಿಗೆ ಎದುರಾಗಿ ತಿರುಗಿ ಬರುವುದು ಬಹಳ ಕಷ್ಟ.

ಕಾಗದ ಪತ್ರ

ಕ್ಯಾನರಿ ದ್ವೀಪ ಸ್ಪೇನಿನದ್ದು, ಆದ್ದರಿಂದ ಶೆಂಗೆನ್ ವೀಸಾ ಬೇಕು. 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಹೊರಡುವ ಮುಂಚೆ ಬಂದರಿನ ಗಡಿ ಪೊಲೀಸರ ಹತ್ತಿರ ದೇಶ ಬಿಟ್ಟ ದಾಖಲೆ ಆಗಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಯುರೋಪಿಗೆ ಹೋಗುವಾಗ ತೊಂದರೆ. ಆಚೆ ದಡದ ದೇಶದ ವೀಸಾ ನಿಯಮವನ್ನು ಆ ದೇಶದ ಕಚೇರಿಗೇ ಬರೆದು ಕೇಳಿ, "ನಾನು ಖಾಸಗಿ ಯಾಟ್‌ನಲ್ಲಿ ಬರುತ್ತೇನೆ" ಅಂತ ಸ್ಪಷ್ಟವಾಗಿ ಹೇಳಿ. ವಿಮಾನದಲ್ಲಿ ಬರುವವರಿಗೆ ಇರುವ ರಿಯಾಯಿತಿ ಯಾಟ್‌ನಲ್ಲಿ ಬರುವವರಿಗೆ ಇರಬೇಕು ಅಂತೇನಿಲ್ಲ. ಗಾಳಿ ಕೆಟ್ಟರೆ ದಾರಿಯಲ್ಲಿ ಕೇಪ್ ವರ್ಡೆ ದ್ವೀಪದೇಶದ ಮಿಂಡೆಲೊ ಬಂದರಿಗೆ ಹೋಗಬೇಕಾಗಬಹುದು, ಅಲ್ಲಿನದ್ದನ್ನೂ ವಿಚಾರಿಸಿ. ಇಳಿದ ಕ್ರೂ ಊರಿಗೆ ಹೋಗುವ ಜವಾಬ್ದಾರಿ ಸ್ಕಿಪ್ಪರ್ ಮೇಲೆ ಬರುವುದರಿಂದ ವಾಪಸು ಟಿಕೆಟ್ ತೋರಿಸಿ ಅನ್ನುತ್ತಾರೆ. ತಾರೀಖು ಬದಲಿಸಲು ಬರುವ ಟಿಕೆಟ್ ಮಾಡಿಸಿ.

ಸಾಮಾನ್ಯ ಪ್ರವಾಸ ವಿಮೆ ನಡುಸಮುದ್ರಕ್ಕೆ ಆಗದೆ ಇರಬಹುದು. ಪಾಲಿಸಿಯ ಸಣ್ಣ ಅಕ್ಷರ ಓದಿ.

ಒಂದು ಎಚ್ಚರಿಕೆ. ಸ್ಯಾಟಲೈಟ್ ಫೋನ್, ಗಾರ್ಮಿನ್ ಇನ್‌ರೀಚ್ ಥರದ ಸಾಧನ ಕೊಂಡು ಭಾರತಕ್ಕೆ ತರಬೇಡಿ, ಇಲ್ಲಿಂದ ಒಯ್ಯಲೂ ಬೇಡಿ. ಅನುಮತಿ ಇಲ್ಲದೆ ಇಟ್ಟುಕೊಂಡವರನ್ನು ವಿಮಾನ ನಿಲ್ದಾಣದಲ್ಲಿ ಹಿಡಿದು ಕೇಸು ಹಾಕಿದ್ದಾರೆ. ದೋಣಿಯಲ್ಲಿ ಇರುವುದನ್ನೇ ಬಳಸಿ.

ಊಟ, ನೀರು, ವಾಂತಿ

ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ 3 ಲೀಟರ್ ಅಂತ ಇಟ್ಟುಕೊಳ್ಳಿ. ನಾಲ್ಕು ಜನಕ್ಕೆ 21 ದಿನಕ್ಕೆ 252 ಲೀಟರ್, ಅದರ ಮೇಲೆ ಅರ್ಧದಷ್ಟು ಜಾಸ್ತಿ. ಒಂದಷ್ಟು ಬಾಟಲಿಗಳಲ್ಲಿ ಬೇರೆಯೇ ಇರಲಿ, ಟ್ಯಾಂಕ್ ಸೋರಿದರೆ ಬೇಕಾಗುತ್ತದೆ. ಪಾತ್ರೆ ಸಮುದ್ರದ ನೀರಿನಲ್ಲಿ ತೊಳೆದು ಕೊನೆಗೆ ಒಂದು ಲೋಟ ಸಿಹಿನೀರು. ರಟ್ಟಿನ ಪೆಟ್ಟಿಗೆಗಳನ್ನು ದೋಣಿಯೊಳಗೆ ತರಬೇಡಿ, ಅದರ ಜೊತೆ ಜಿರಲೆ ಬರುತ್ತದೆ. ಎಲೆಕೋಸು, ಕುಂಬಳ, ಈರುಳ್ಳಿ, ಆಲೂಗಡ್ಡೆ, ನಿಂಬೆ, ತೊಳೆಯದ ಮೊಟ್ಟೆ ಫ್ರಿಜ್ ಇಲ್ಲದೆ ವಾರಗಟ್ಟಲೆ ಇರುತ್ತವೆ. ಬಾಳೆಗೊನೆ ಮಾತ್ರ ಎಲ್ಲ ಒಟ್ಟಿಗೇ ಹಣ್ಣಾಗುತ್ತದೆ.

ಪ್ರೆಷರ್ ಕುಕ್ಕರ್ ಕೇಳಿ ಪಡೆಯಿರಿ. ಮುಚ್ಚಳ ಬಿಗಿಯಾಗಿರುವುದರಿಂದ ಅಲೆಗೆ ಮಗುಚಿದರೂ ಬಿಸಿ ಅನ್ನ ಮೈಮೇಲೆ ಬೀಳುವುದಿಲ್ಲ. ನಡುಸಮುದ್ರದಲ್ಲಿ ಬಿಸಿನೀರಿನ ಸುಟ್ಟ ಗಾಯ ಬಹಳ ಕೆಟ್ಟದ್ದು, ಆಸ್ಪತ್ರೆ ಎರಡು ವಾರ ದೂರ. ಒಲೆ ಮುಂದೆ ನಿಂತಾಗ ದಪ್ಪನೆಯ ರೇನ್ ಪ್ಯಾಂಟ್ ಹಾಕಿಕೊಳ್ಳಿ, ಲೋಟಕ್ಕೆ ಅರ್ಧ ಮಾತ್ರ ಹುಯ್ಯಿರಿ. ಮನೆಯಿಂದ ಕಾಫಿ ಪುಡಿ, ಅರೆದ ಮಸಾಲೆ ಪುಡಿ, ಒಂದು ಚಿಕ್ಕ ಬಾಟಲಿ ಕಾಚಂಪುಳಿ ಒಯ್ಯಿರಿ, ಗಾಳಕ್ಕೆ ಮೀನು ಬಿದ್ದ ದಿನ ಅದರ ಬೆಲೆ ಗೊತ್ತಾಗುತ್ತದೆ. ಒಣಮಾಂಸ, ಬೀಜ, ಹಸಿ ಕರಿಬೇವು ಬೇಡ. ಗಡಿಯಲ್ಲಿ ತೊಂದರೆ ಮಾಡಿಕೊಳ್ಳುತ್ತೀರಿ.

ವಾಂತಿ ಬಹುತೇಕ ಎಲ್ಲರಿಗೂ ಬರುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ಸಂಪಾಜೆ ಘಾಟಿಯಲ್ಲಿ ನನಗೆ ಏನೂ ಆಗುವುದಿಲ್ಲ ಅನ್ನುವ ಧೈರ್ಯ ಸಮುದ್ರದಲ್ಲಿ ನಡೆಯುವುದಿಲ್ಲ. ಮಾತ್ರೆಯನ್ನು ಹೊರಡುವ ಹಿಂದಿನ ರಾತ್ರಿಯೇ ಶುರು ಮಾಡಬೇಕು, ವಾಂತಿ ಬಂದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಬಸ್ಸುಗಳಲ್ಲಿ ನುಂಗುವ ಅವೊಮಿನ್ ಥರದ್ದಕ್ಕೆ ನಿದ್ದೆ ಬರುತ್ತದೆ, ರಾತ್ರಿ ಕಾವಲಿಗೆ ಅದು ಅಪಾಯ. ಡಾಕ್ಟರ್ ಹತ್ತಿರ ಕೇಳಿ, ಊರಿನಲ್ಲೇ ಒಮ್ಮೆ ತೆಗೆದುಕೊಂಡು ಮೈ ಹೇಗಿರುತ್ತದೆ ನೋಡಿ. ಹೊಟ್ಟೆ ತೊಳಸಿದರೆ ಕೆಳಗೆ ಹೋಗಬೇಡಿ, ಮೇಲೆ ಕೂತು ದಿಗಂತ ನೋಡುತ್ತಾ ಚುಕ್ಕಾಣಿ ಹಿಡಿಯಿರಿ. ಒಣ ಬಿಸ್ಕೆಟ್, ಶುಂಠಿ, ಗುಟುಕು ಗುಟುಕು ನೀರು.

ರಾತ್ರಿ ವಾಚ್

ನಿಮ್ಮನ್ನು ಕರೆದೊಯ್ಯುವುದೇ ಇದಕ್ಕೆ. ನಾಲ್ಕು ಜನ ಇದ್ದರೆ ಸಾಮಾನ್ಯವಾಗಿ 3 ಗಂಟೆ ವಾಚ್, 9 ಗಂಟೆ ಬಿಡುವು. ನಿಮ್ಮ ಪಾಳಿಗೆ ಐದು ನಿಮಿಷ ಮೊದಲೇ ಬಟ್ಟೆ ಹಾಕಿಕೊಂಡು ಮೇಲೆ ಬನ್ನಿ. ದಿನವೂ ಹೀಗೆ ಬರುವವರನ್ನು ಇಡೀ ದೋಣಿ ಪ್ರೀತಿಸುತ್ತದೆ, ತಡ ಮಾಡುವವರ ಮೇಲೆ ಎರಡನೇ ವಾರಕ್ಕೆ ಸಿಟ್ಟು ಕಟ್ಟಿಕೊಳ್ಳುತ್ತದೆ.

ಬಾಗಿಲಿನಿಂದ ತಲೆ ಹೊರಗೆ ಹಾಕುವ ಮುಂಚೆಯೇ ಮೈಗೆ ಕಟ್ಟಿದ ಹಾರ್ನೆಸ್‌ನ ಟೆದರ್ (ಹಗ್ಗ) ದೋಣಿಗೆ ಸಿಕ್ಕಿಸಿ. ರಾತ್ರಿ ಒಬ್ಬರೇ ಕಾಕ್‌ಪಿಟ್, ಅಂದರೆ ಚುಕ್ಕಾಣಿ ಹಿಡಿದು ಕೂರುವ ಜಾಗ, ಬಿಟ್ಟು ಮುಂದಕ್ಕೆ ಹೋಗಬಾರದು, ಏನೇ ಆದರೂ ಇನ್ನೊಬ್ಬರನ್ನು ಎಬ್ಬಿಸಿ. ಗಂಡಸರು ದೋಣಿಯ ಅಂಚಿನಲ್ಲಿ ನಿಂತು ಮೂತ್ರ ಮಾಡುವುದು ಬೇಡ, ಒಳಗೆ ಹೋಗಿ ಕೂತು ಮಾಡಿ.

10-15 ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ದಿಗಂತ ನೋಡಬೇಕು. ಯಾಕೆ ಅಷ್ಟು ಅಂದರೆ, 6 ನಾಟಿಕಲ್ ಮೈಲಿ ದೂರದಲ್ಲಿ ಕಂಡ ಹಡಗು 18 ನಾಟ್‌ನಲ್ಲಿ ಎದುರಿನಿಂದ ಬರುತ್ತಿದ್ದು ನೀವು 6 ನಾಟ್‌ನಲ್ಲಿ ಹೋಗುತ್ತಿದ್ದರೆ ಸರಿಯಾಗಿ 15 ನಿಮಿಷಕ್ಕೆ ಅದು ನಿಮ್ಮ ಮೇಲೆ. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಅದರ ಮೂತಿ ನಿಮ್ಮ ಕಡೆಗೇ ಇದೆ. ದಿಕ್ಸೂಚಿಯಲ್ಲಿ ಅದರ ದಿಕ್ಕು ಬದಲಾಗದೆ ಹತ್ತಿರ ಬರುತ್ತಿದ್ದರೆ ಡಿಕ್ಕಿಯಾಗುತ್ತದೆ, ತಕ್ಷಣ ಸ್ಕಿಪ್ಪರ್‌ನನ್ನು ಕರೆಯಿರಿ. ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ ಪರದೆ ಇದೆ ಅಂತ ಕಣ್ಣು ಮುಚ್ಚಬೇಡಿ, ಎಲ್ಲ ದೋಣಿಗಳೂ ಅದನ್ನು ಹಾಕಿಕೊಂಡಿರುವುದಿಲ್ಲ. ಕೆಂಪು ಟಾರ್ಚ್ ಮಾತ್ರ ಬಳಸಿ. ಮೊಬೈಲ್ ಒಮ್ಮೆ ನೋಡಿದರೆ ಕಣ್ಣು ಮತ್ತೆ ಕತ್ತಲಿಗೆ ಹೊಂದಲು 20 ನಿಮಿಷವಾದರೂ ಬೇಕು.

ಈ ದಾರಿಯಲ್ಲಿ ಗಾಳಿಮಳೆಯ ಮೋಡ ಹಿಂದಿನಿಂದ ಬರುತ್ತದೆ. ಆದ್ದರಿಂದ ಆಗಾಗ ಹಿಂದೆ ತಿರುಗಿ ನೋಡಿ. ಪೂರ್ವದಲ್ಲಿ ಕೆಳಗಿನ ನಕ್ಷತ್ರಗಳು ಸಾಲಾಗಿ ಮಾಯವಾಗಲು ಶುರುವಾಗುತ್ತವೆ, ಕತ್ತಿನ ಹಿಂದೆ ಗಾಳಿ ತಣ್ಣಗಾಗುತ್ತದೆ, ಒಂದು ನಿಮಿಷ ಸುಮ್ಮನಾದ ಹಾಗೆ ಅನ್ನಿಸುತ್ತದೆ, ಆಮೇಲೆ 15 ನಾಟ್ ಇದ್ದದ್ದು ಒಮ್ಮೆಲೆ 30 ದಾಟುತ್ತದೆ. ನಕ್ಷತ್ರ ಕಾಣದಾದಾಗಲೇ ಎಬ್ಬಿಸಿದರೆ ಹಾಯಿ ಚಿಕ್ಕದು ಮಾಡಲು ಸಮಯ ಸಿಗುತ್ತದೆ. ಹತ್ತು ಸಲ ಸುಮ್ನೆ ಎಬ್ಬಿಸಿದರೂ ಒಳ್ಳೆಯ ಸ್ಕಿಪ್ಪರ್ ಬೈಯುವುದಿಲ್ಲ. ರಾತ್ರಿಯಾಗುವ ಮುಂಚೆಯೇ ಒಂದು ರೀಫ್ ಹಾಕಿಬಿಡುವುದು, ಅಂದರೆ ಹಾಯಿಯನ್ನು ಒಂದಷ್ಟು ಮಡಿಸಿ ಕಟ್ಟುವುದು, ಇನ್ನೂ ಒಳ್ಳೆಯದು, ಸ್ವಲ್ಪ ವೇಗ ಹೋದರೆ ಹೋಗಲಿ.

ಗಾಳಿ ಹಿಂದಿನಿಂದ ಬರುವಾಗ ದೊಡ್ಡ ಭಯ ಬೂಮ್‌ನದ್ದು, ಅಂದರೆ ಹಾಯಿಯ ಕೆಳ ಅಂಚು ಹಿಡಿದಿರುವ ಅಡ್ಡ ಕಂಬದ್ದು. ದೋಣಿ ಸ್ವಲ್ಪ ತಿರುಗಿದರೂ ಅದು ಈ ಕಡೆಯಿಂದ ಆ ಕಡೆಗೆ ಬೀಸಿ ಬರುತ್ತದೆ, ತಲೆಗೆ ಬಡಿದು ಜನ ಸತ್ತಿದ್ದಾರೆ. ಅದನ್ನು ಮುಂದಕ್ಕೆ ಎಳೆದು ಕಟ್ಟುವ ಹಗ್ಗಕ್ಕೆ ಪ್ರಿವೆಂಟರ್ ಅನ್ನುತ್ತಾರೆ. ಅದು ಕಟ್ಟಿದೆಯಾ, ಉಜ್ಜಿ ಸವೆದಿದೆಯಾ ಅಂತ ದಿನಾ ಬೆಳಗ್ಗೆ ಕೈಯಲ್ಲಿ ಮುಟ್ಟಿ ನೋಡುವ ಕೆಲಸ ನೀವೇ ವಹಿಸಿಕೊಳ್ಳಿ.

ಯಾರಾದರೂ ನೀರಿಗೆ ಬಿದ್ದರೆ ಕೂಗಿ, ತೇಲುವುದನ್ನು ಎಸೆಯಿರಿ, ಬಿದ್ದ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸುವ ಎಂಒಬಿ ಗುಂಡಿ ಒತ್ತಿ, ಮತ್ತು ಒಬ್ಬರು ಅವರ ಕಡೆ ಬೆರಳು ತೋರಿಸುತ್ತಾ ಕಣ್ಣು ತೆಗೆಯದೆ ನಿಲ್ಲಬೇಕು. ಅಲೆಗಳ ನಡುವೆ ತಲೆ ಕಾಣುವುದು ಬಹಳ ಕಡಿಮೆ ಹೊತ್ತು. ಲೈಫ್ ರಾಫ್ಟ್‌ಗೆ ಹೋಗುವುದು ದೋಣಿ ನಿಜವಾಗಿ ಮುಳುಗುವಾಗ ಮಾತ್ರ. ಸಹಾಯ ಬರಲು ದಿನಗಳೇ ಹಿಡಿಯಬಹುದು. 2018ರ ಸೆಪ್ಟೆಂಬರ್‌ನಲ್ಲಿ ಗೋಲ್ಡನ್ ಗ್ಲೋಬ್ ರೇಸ್ ಅನ್ನುವ, ಒಬ್ಬರೇ ಭೂಮಿ ಸುತ್ತುವ ಸ್ಪರ್ಧೆಯಲ್ಲಿದ್ದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬೆನ್ನಿಗೆ ಪೆಟ್ಟಾಗಿ ಬಿದ್ದ ನೌಕಾಪಡೆಯ ಅಭಿಲಾಷ್ ಟಾಮಿಯವರನ್ನು ಫ್ರೆಂಚ್ ಹಡಗು ಮೂರನೇ ದಿನಕ್ಕೆ ತಲುಪಿತು. ಅವರು ವಾಸಿಯಾಗಿ ಮತ್ತೆ ಅದೇ ಸ್ಪರ್ಧೆಗೆ ಹೋಗಿ 2023ರಲ್ಲಿ ಎರಡನೆಯವರಾಗಿ ಬಂದರು. ಸಹಾಯ ಹೀಗೆ ತಡವಾಗುವುದರಿಂದ ಪ್ರಥಮ ಚಿಕಿತ್ಸೆ ಕಲಿತು ಹೋಗಿ, ಹಲ್ಲಿನ ಡಾಕ್ಟರ್ ಹತ್ತಿರ ತೋರಿಸಿಕೊಂಡು ಹೋಗಿ.

ಮನೆಯವರಿಗೆ ಹೇಳಿ ಹೋಗಬೇಕಾದದ್ದು

ದೋಣಿಯ ಜಾಗ ತೋರಿಸುವ ಟ್ರ್ಯಾಕರ್‌ನ ಲಿಂಕ್ ಕೊಡುತ್ತಾರೆ. ಅದನ್ನು ಮನೆಯಲ್ಲಿ ಒಬ್ಬರು ನೋಡಿಕೊಳ್ಳಲಿ, ಅಜ್ಜಿಗೆ ತಾತನಿಗೆ ಅವರೇ ಹೇಳಲಿ. ಚುಕ್ಕೆ ಒಂದು ದಿನ ಅಲ್ಲಾಡದೆ ನಿಂತರೆ ಯಂತ್ರ ಕೆಟ್ಟಿದೆ ಅಂತ ಅರ್ಥ ಮಾಡಿಕೊಳ್ಳಿ, ಮುಳುಗಿದೆ ಅಂತಲ್ಲ ಅನ್ನುವುದನ್ನು ಎಲ್ಲರಿಗೂ ಮೊದಲೇ ಬಿಡಿಸಿ ಹೇಳಿ. ತಲುಪುವ ತಾರೀಖು ಹೇಳಬೇಡಿ, "ಡಿಸೆಂಬರ್ ಮಧ್ಯದಿಂದ ಕೊನೆಯೊಳಗೆ" ಅನ್ನಿ.

ದಡ ಸೇರಿದ ದಿನ

ಬಂದರಿಗೆ ಹೋಗುವಾಗ ಹಳದಿ ಬಾವುಟ ಏರಿಸಬೇಕು. ಕಸ್ಟಮ್ಸ್, ವಲಸೆ ಕಚೇರಿ ಮುಗಿಸಿ ಬರುವವರೆಗೆ ಸ್ಕಿಪ್ಪರ್ ಬಿಟ್ಟು ಬೇರೆ ಯಾರೂ ಇಳಿಯುವಂತಿಲ್ಲ. ಕ್ರೂ ಪಟ್ಟಿಯಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಲಿ, ನಮ್ಮ ಮನೆ ಹೆಸರುಗಳನ್ನು ಅವರು ಹಿಂದೆ ಮುಂದೆ ಬರೆಯುತ್ತಾರೆ, ಒಮ್ಮೆ ಓದಿ ನೋಡಿ. ಇಳಿಯುವ ದಿನ ಪಟ್ಟಿಯಿಂದ ಹೆಸರು ತೆಗೆಸಿದ ಕಾಗದ ಕೈಯಲ್ಲಿ ಇಟ್ಟುಕೊಳ್ಳಿ, ವಿಮಾನ ನಿಲ್ದಾಣದಲ್ಲಿ ಕೇಳಬಹುದು. ಹೊರಡುವ ಮುಂಚೆ ದೋಣಿ ತೊಳೆದು ಕೊಟ್ಟು, ಎಷ್ಟು ಮೈಲಿ, ಎಷ್ಟು ರಾತ್ರಿ ವಾಚ್ ಅಂತ ಸ್ಕಿಪ್ಪರ್ ಕೈಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಮುಂದಿನ ದೋಣಿಯವರು ಮೊದಲು ಕೇಳುವುದು ಆ ಹಾಳೆಯನ್ನೇ.